ಡಾಲ್ಫಿನ್ ಗಾಡಿಗೆ ಅಲಂಕಾರ

ಸಂತೆಮರಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ, ಹಿಂದೆ ಎತ್ತುಗಳನ್ನು ಕಟ್ಟುತ್ತಿದ್ದ ಕೊಟ್ಟಿಗೆಯೊಳಗೆ, ಈಗ ಒಂದು ಪುಟ್ಟ ಮೋಟಾರು ಗಾಡಿಯು ನಿಂತಿರುವುದು. ನಮ್ಮ ತಮ್ಮನ ಮಗನು ಅದನ್ನು ಮೈಸೂರಿನಿಂದ ಲಾರಿಯ ಮೇಲೆ ಹೇರಿಸಿ ತಂದ ದಿನ, ಈ ಪ್ಲಾಸ್ಟಿಕ್ ಡಬ್ಬಿಗೆ ಹಣ ಕೊಟ್ಟನೇ ಎಂದು ನೆರೆಯವರು ನಕ್ಕರು. ನಾವೂ ನಕ್ಕೆವೆಂಬುದನ್ನು ಮರೆಮಾಚುವುದಿಲ್ಲ.

ಬೆಂಗಳೂರಿನ ಸಿಪಾನಿ ಕಾರಖಾನೆಯವರು 1982ರಲ್ಲಿ ಹೊರತಂದ ಡಾಲ್ಫಿನ್ ಇದು. ಇಂಗ್ಲೆಂಡಿನ ರಿಲಯಂಟ್ ಕಂಪೆನಿಯ ಕಿಟನ್ ಎಂಬ ಗಾಡಿಯು ಇದರ ಮೂಲ. ನಾಲ್ಕು ಸಿಲಿಂಡರುಗಳ 848 ಸಿ.ಸಿ. ಎಂಜಿನು ಮುಂದಿದ್ದರೂ ಚಾಲನೆಯು ಹಿಂದಿನ ಚಕ್ರಗಳಿಗೆ, ಉಕ್ಕಿನ ಚೌಕಟ್ಟಿನ ಮೇಲೆ ಗಾಜಿನ ನಾರು ಮತ್ತು ರಾಳದಿಂದಾದ ಮೈ, ಬಾಗಿಲುಗಳು ಎರಡೇ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದುದೇ ತಡ, ಗೃಹಸ್ಥರು ಇದನ್ನು ಮರೆತರು. ಹಗುರವಾದ ಮೈಯ ಗುಣವನ್ನರಿತ ಓಟದ ತರುಣರು ಮಾತ್ರ ಮದರಾಸಿನ ಬಳಿಯ ಶೋಲಾವರದ ಪಂದ್ಯಗಳಲ್ಲಿ ಇದನ್ನು ಓಡಿಸಿದರು. ಮಾರುವವರು ಸಂಸಾರದ ಗಾಡಿಯೆಂದು ಮಾರಿದುದು ಓಡಿಸುವವರ ಕೈಯಲ್ಲಿ ಪಂದ್ಯದ ಗಾಡಿಯಾಯಿತು.

ಹುಡುಗನ ಬಯಕೆಗಳೋ ಬಹಳ. ಮೇಲ್ಛಾವಣಿಯನ್ನು ಕೊಯ್ದು ತೆರೆದ ಗಾಡಿ ಮಾಡಬೇಕು, ಚಕ್ರಗಳನ್ನು ಅಗಲಿಸಬೇಕು, ಬೆನ್ನಿಗೊಂದು ರೆಕ್ಕೆ ಬೇಕು! ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವವೆಂದನಲ್ಲವೆ? ಮೂವತ್ತು ವರ್ಷ ಅದನ್ನು ಪಾಠ ಹೇಳಿದ ನಾವು ಮನೆಯೊಳಗೆ ಸುಮ್ಮನಿರುವುದು ಹೇಗೆ? "ದೊಡ್ಡಪ್ಪ, ಇದು ಕಾವ್ಯವಲ್ಲ, ಕಾರು" ಎಂದನು. ಮೂರು ದಿನ ಮಾತಿಲ್ಲದೆ ಕಳೆಯಿತು.

ಕಡೆಗೆ ಅವನನ್ನು ತಡೆದುದು ನಮ್ಮ ಶಾಸ್ತ್ರವಲ್ಲ, ಗಾಡಿಯ ಮೈಯೇ. ತಗಡನ್ನು ಬಡಿದು ನೇರ್ಪಡಿಸುವಂತೆ ಈ ಮೈಯನ್ನು ಬಡಿಯಲಾಗದು, ಬಡಿದರೆ ಸೀಳುವುದು. ಛಾವಣಿಯನ್ನು ತೆಗೆದರೆ ಬಾಗಿಲ ಸಂದುಗಳು ಬಿಡುವುವು. ಒಮ್ಮೆ ಕೊಯ್ದುದನ್ನು ಮೊದಲಿನಂತೆ ಮಾಡಲು ಹೊಸ ಬಿಡಿಭಾಗಗಳು ಈಗ ಸುಲಭವಾಗಿ ದೊರೆಯವು. ಜೇಡರ ಬಲೆಯಂತೆ ಬಿರುಕು ಬಿಟ್ಟ ಕಡೆ ಹಳೆಯ ಬಣ್ಣವನ್ನು ನಾರು ಕಾಣುವತನಕ ಉಪ್ಪುಕಾಗದದಿಂದ ಉಜ್ಜಿ, ಒಳಗಿನಿಂದ ನಾರಿನ ಹಾಸನ್ನಿಟ್ಟು ರಾಳವನ್ನು ಸವರಬೇಕು. ಬಣ್ಣದ ಮೇಲೆ ರಾಳವು ಹಿಡಿಯದು. ನಮ್ಮ ಕಡೆಯ ಬೇಸಗೆಯಲ್ಲಿ ಗಟ್ಟಿಕಾರಕವನ್ನು ಕಡಮೆ ಹಾಕದಿದ್ದರೆ ರಾಳವು ಬಟ್ಟಲಿನಲ್ಲಿಯೇ ಕಲ್ಲಾಗುವುದು. ಎರಡು ಬಟ್ಟಲು ಹಾಗೆಯೇ ಹೋದುವು. ಉಜ್ಜುವ ಧೂಳು ಶ್ವಾಸಕೋಶಕ್ಕೆ ಕೇಡು. ಮೂಗುಬಾಯಿಗೆ ತಕ್ಕ ಮುಸುಕು ಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಈ ಗದ್ದಲದಲ್ಲಿ ಕೆಳಗಿನ ಉಕ್ಕನ್ನು ಮರೆಯಲಾಗದು. ಮೈಗೆ ತುಕ್ಕಿಲ್ಲ, ಚೌಕಟ್ಟಿಗುಂಟು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ಲಕ್ಷಣಗಳಿಗೆ ವಿರೋಧವಾಗಿ ಗಾಡಿಯನ್ನು ಮಾರ್ಪಡಿಸಲಾಗದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಸ್ಪಷ್ಟಪಡಿಸಿತು. ಬಣ್ಣ ಬದಲಾದರೆ ಅದು ನೋಂದಣಿ ಪತ್ರದಲ್ಲಿ ನಮೂದಾಗಬೇಕು.

ಈಗ ಛಾವಣಿ ಉಳಿದಿದೆ, ಚಕ್ರಗಳೂ ಮೊದಲಿನವೇ. ರೆಕ್ಕೆಯ ಹಟವು ಕುಗ್ಗಿ, ಮುಂದಿನ ಬಂಪರಿನ ಕೆಳಗೆ ಬೆರಳಗಲದ ತುಟಿಯೊಂದಾಗಿದೆ. ಅದರ ಅಚ್ಚನ್ನು ಕೆರೆಯ ಜೇಡಿಮಣ್ಣಿನಲ್ಲಿ ನಾವಿಬ್ಬರೂ ಕೂಡಿ ತಿದ್ದಿದೆವು. ಹೊಸ ತೂತು ಕೊರೆಯದೆ ಹಳೆಯ ಬೋಲ್ಟುಗಳಿಗೇ ಸಿಕ್ಕಿಸುವುದರಿಂದ ಬೇಕೆಂದಾಗ ಕಳಚಬಹುದು. ನೋಂದಣಿ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ರಸ್ತೆಗಿಳಿಸುವುದೆಂದು ಒಪ್ಪಿದ್ದಾನೆ. ಬಣ್ಣದ ವಿಷಯ ಮಾತ್ರ ಇತ್ಯರ್ಥವಾಗಿಲ್ಲ. ಅವನಿಗೆ ಕೆಂಪು, ನಮಗೆ ಮೊದಲಿನ ಬಿಳುಪು, ಮನೆಯಾಕೆಗೆ ಕೊಟ್ಟಿಗೆ ಬರಿದಾದರೆ ಸಾಕು.