ಐರ್ಲೆಂಡ್‌ನ ಸಣ್ಣ ಪಟ್ಟಣಗಳಿಂದ ದೂರದ ರೈಲು ದಿನಪ್ರಯಾಣ

ಐರ್ಲೆಂಡ್ ಗಣರಾಜ್ಯದ ಸಣ್ಣ ಪಟ್ಟಣಗಳಲ್ಲಿ ನೆಲೆಸಿರುವ ಜನರು ಉದ್ಯೋಗಕ್ಕಾಗಿ ಸುಮಾರು 50ರಿಂದ 120 ಕಿಲೋಮೀಟರ್ ದೂರದ ರಾಜಧಾನಿ ಡಬ್ಲಿನ್‌ಗೆ ಪ್ರತಿದಿನ ರೈಲಿನಲ್ಲಿ ಹೋಗಿಬರುವ ರೂಢಿಯು 1990ರ ದಶಕದ ಉತ್ತರಾರ್ಧದಿಂದ ವ್ಯಾಪಕವಾಗಿ ಬೆಳೆದುಬಂದಿದೆ. ಲಾಂಗ್‌ಫರ್ಡ್, ಮಲ್ಲಿಂಗಾರ್, ಪೋರ್ಟ್‌ಲೀಷ್, ಪೋರ್ಟಾರ್ಲಿಂಗ್ಟನ್, ಗೋರಿ, ಆರ್ಕ್ಲೋ, ಡ್ರಾಹೆಡಾ ಮತ್ತು ಡಂಡಾಕ್ ಇಂತಹ ಪ್ರಯಾಣಿಕರು ಹೆಚ್ಚಾಗಿರುವ ಪ್ರಮುಖ ಊರುಗಳಾಗಿವೆ. ಈ ಪಟ್ಟಣಗಳು ಡಬ್ಲಿನ್‌ನ ಉಪನಗರಗಳಲ್ಲ. ಸ್ವಂತ ಮಾರುಕಟ್ಟೆ, ಸ್ವಂತ ಇತಿಹಾಸ ಹೊಂದಿದ್ದ ಇವು ಎರಡು ದಶಕಗಳೊಳಗೆ ರಾಜಧಾನಿಯ ಮಲಗುವ ಕೋಣೆಗಳಾಗಿ ಬದಲಾದವು ಎಂಬ ಮಾತು ಆ ದೇಶದ ಸಾರ್ವಜನಿಕ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ.

ಹಿನ್ನೆಲೆ

ಐರ್ಲೆಂಡ್‌ನ ಮೊದಲ ರೈಲುಮಾರ್ಗವು 1834ರಲ್ಲಿ ಡಬ್ಲಿನ್ ಮತ್ತು ಕಿಂಗ್ಸ್‌ಟೌನ್ (ಇಂದಿನ ಡನ್ ಲೇರಿ) ನಡುವೆ ಆರಂಭವಾಯಿತು. ಅದು ನಿಜಕ್ಕೂ ದಿನಪ್ರಯಾಣಿಕರ ಮಾರ್ಗವಾಗಿತ್ತು. ಆದರೆ ಆನಂತರ ಒಳನಾಡಿಗೆ ಹಬ್ಬಿದ ಹಳಿಗಳ ಉದ್ದೇಶ ಬೇರೆಯಾಗಿತ್ತು. ಬಂದರುಗಳನ್ನು ಒಳನಾಡಿನೊಂದಿಗೆ ಬೆಸೆಯುವುದು, ಜಾನುವಾರು ಮತ್ತು ಅಂಚೆಯನ್ನು ಸಾಗಿಸುವುದು ಅವುಗಳ ಕೆಲಸವಾಗಿತ್ತು. 1920ರ ಸುಮಾರಿಗೆ ಇಡೀ ದ್ವೀಪದಲ್ಲಿ ಸುಮಾರು 5,500 ಕಿ.ಮೀ. ರೈಲುಮಾರ್ಗವಿತ್ತು. ರಸ್ತೆ ಸಾರಿಗೆಯ ಪೈಪೋಟಿ ಮತ್ತು ಜನಸಂಖ್ಯೆಯ ಕುಸಿತದಿಂದಾಗಿ, ವಿಶೇಷವಾಗಿ 1950 ಮತ್ತು 1960ರ ದಶಕಗಳಲ್ಲಿ, ಅದರ ಬಹುಭಾಗ ಮುಚ್ಚಲ್ಪಟ್ಟು ಇಂದು ಅರ್ಧಕ್ಕಿಂತ ಕಡಿಮೆ ಉಳಿದಿದೆ. ಉಳಿದ ಮಾರ್ಗಗಳಲ್ಲಿಯೂ ಹಲವು ಒಂಟಿ ಹಳಿಯವು. ಇಂದಿನ ದಿನಪ್ರಯಾಣಿಕರು ಅನುಭವಿಸುವ ಅಡಚಣೆಗಳ ಮೂಲವನ್ನು ಬಹುಮಟ್ಟಿಗೆ ಇಲ್ಲಿಯೇ ಹುಡುಕಬೇಕು.

ವಸತಿ ಮತ್ತು ದೂರ

1990ರ ದಶಕದ ಮಧ್ಯಭಾಗದಿಂದ 2007ರವರೆಗೆ ಐರ್ಲೆಂಡ್ ಕಂಡ ತೀವ್ರ ಆರ್ಥಿಕ ಬೆಳವಣಿಗೆಯನ್ನು ‘ಸೆಲ್ಟಿಕ್ ಹುಲಿ’ಯ ಕಾಲ ಎಂದು ಕರೆಯಲಾಗುತ್ತದೆ. ಉದ್ಯೋಗಗಳು ಡಬ್ಲಿನ್‌ನಲ್ಲಿ ಕೇಂದ್ರೀಕೃತವಾದವು. ನಗರದ ಮನೆಗಳ ಬೆಲೆ ಹಲವು ಪಟ್ಟು ಏರಿತು. ಮೊದಲ ಮನೆ ಕೊಳ್ಳುವ ಯುವ ದಂಪತಿಗಳು ತಮ್ಮ ಸಂಬಳಕ್ಕೆ ನಿಲುಕುವ ಬೆಲೆ ಸಿಗುವ ತನಕ ಹೆದ್ದಾರಿ ಮತ್ತು ಹಳಿಗಳ ಗುಂಟ ಹೊರಕ್ಕೆ ಸರಿಯುತ್ತ ಹೋದರು. ಮೊದಲು ಕಿಲ್‌ಡೇರ್ ಮತ್ತು ಮೀದ್ ಕೌಂಟಿಗಳು, ಆಮೇಲೆ ವೆಸ್ಟ್‌ಮೀದ್, ಲೀಷ್, ಲೌತ್, ಕೊನೆಗೆ ಲಾಂಗ್‌ಫರ್ಡ್ ಮತ್ತು ವೆಕ್ಸ್‌ಫರ್ಡ್‌ನ ಉತ್ತರ ಭಾಗ ಹೀಗೆ ತುಂಬಿದವು. ಲೀಷ್ ಕೌಂಟಿಯ ಪೋರ್ಟ್‌ಲೀಷ್‌ನ ಜನಸಂಖ್ಯೆ 2016ರ ಜನಗಣತಿಯ ಹೊತ್ತಿಗೆ 22,000 ದಾಟಿತ್ತು. ವೆಕ್ಸ್‌ಫರ್ಡ್ ಕೌಂಟಿಯ ಗೋರಿಯಲ್ಲಿ 2022ರಲ್ಲಿ 11,000ಕ್ಕೂ ಹೆಚ್ಚು ಜನರಿದ್ದರು.

ಸರ್ಕಾರದ ನೀತಿಯೂ ಇದಕ್ಕೆ ಇಂಬು ನೀಡಿತು. 1998ರಲ್ಲಿ ಮೇಲ್ ಶ್ಯಾನನ್ ಪ್ರದೇಶಕ್ಕಾಗಿ ಜಾರಿಯಾದ ಗ್ರಾಮೀಣ ಪುನರುಜ್ಜೀವನ ಯೋಜನೆಯು ಲೀಟ್ರಿಮ್ ಮತ್ತು ಲಾಂಗ್‌ಫರ್ಡ್ ಕೌಂಟಿಗಳಲ್ಲಿ ಹಾಗೂ ನೆರೆಯ ಕೆಲವು ಭಾಗಗಳಲ್ಲಿ ಮನೆ ಕಟ್ಟುವವರಿಗೆ ತೆರಿಗೆ ವಿನಾಯಿತಿ ಒದಗಿಸಿತು. ಬೇಡಿಕೆಗಿಂತ ತೆರಿಗೆಯ ಲೆಕ್ಕಾಚಾರವೇ ಮುಂದಾಗಿ ಬಡಾವಣೆಗಳು ಎದ್ದವು. 2010ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯು ದೇಶದಾದ್ಯಂತ ಅಪೂರ್ಣವಾಗಿ ಉಳಿದ 2,800ಕ್ಕೂ ಹೆಚ್ಚು ಬಡಾವಣೆಗಳನ್ನು ಗುರುತಿಸಿತು. ಜನರು ಇವುಗಳನ್ನು ‘ಭೂತ ಬಡಾವಣೆ’ಗಳೆಂದು ಕರೆದರು.

2008ರ ಕುಸಿತದ ನಂತರ ಮನೆಗಳ ಬೆಲೆ ಕೆಲವೇ ವರ್ಷಗಳಲ್ಲಿ ಸರಿಸುಮಾರು ಅರ್ಧಕ್ಕೆ ಇಳಿಯಿತು. 2006 ಅಥವಾ 2007ರಲ್ಲಿ ಮನೆ ಕೊಂಡಿದ್ದವರ ಸಾಲ ಮನೆಯ ಬೆಲೆಗಿಂತ ಹೆಚ್ಚಾಯಿತು. ಮಾರಿದರೆ ಸಾಲ ತೀರುವುದಿಲ್ಲ, ಮಾರದೆ ನಗರಕ್ಕೆ ಮರಳುವಂತಿಲ್ಲ. ನಾಲ್ಕೈದು ವರ್ಷ ಸಹಿಸಿಕೊಂಡು ನಂತರ ಡಬ್ಲಿನ್‌ಗೆ ಹತ್ತಿರವಾಗುವ ಎಣಿಕೆಯಿಂದ ಹೊರಟಿದ್ದ ಅನೇಕ ಕುಟುಂಬಗಳಿಗೆ ದೂರದ ಪ್ರಯಾಣವು ತಾತ್ಕಾಲಿಕ ಏರ್ಪಾಡಾಗಿ ಉಳಿಯಲಿಲ್ಲ. ದಿನಪ್ರಯಾಣವನ್ನು ಕೇವಲ ವೈಯಕ್ತಿಕ ಆಯ್ಕೆಯೆಂದು ವಿವರಿಸುವ ಬರಹಗಳು ಈ ಅಂಶವನ್ನು ಸಾಮಾನ್ಯವಾಗಿ ಮರೆಯುತ್ತವೆ.

ಮಾರ್ಗಗಳು

ಡಬ್ಲಿನ್–ಸ್ಲೈಗೋ ಮಾರ್ಗವು ದೂರದ ದಿನಪ್ರಯಾಣದ ತೊಡಕುಗಳನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುತ್ತದೆ. ಮಿಡ್‌ಲ್ಯಾಂಡ್ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿಯು 1845ರಲ್ಲಿ ರಾಯಲ್ ಕಾಲುವೆಯನ್ನೇ ಖರೀದಿಸಿ ಅದರ ದಂಡೆಯ ಮೇಲೆ ಹಳಿ ಹಾಕಿತು. ಆದ್ದರಿಂದ ಮಲ್ಲಿಂಗಾರ್‌ವರೆಗೆ ರೈಲು ಬಹುತೇಕ ಕಾಲುವೆಯ ಜೊತೆಜೊತೆಗೇ ಸಾಗುತ್ತದೆ. ನೋಟ ಸುಂದರವಾದರೂ ಕಾಲುವೆಯ ತಿರುವುಗಳನ್ನು ಹಳಿಯೂ ಅನುಸರಿಸಬೇಕಾದುದರಿಂದ ವೇಗಕ್ಕೆ ಮಿತಿಯಿದೆ. ಮೇನೂತ್‌ನಿಂದಾಚೆಗೆ ಮಾರ್ಗ ಒಂಟಿ ಹಳಿಯದು. ಎದುರು ಬದುರಾಗಿ ಬರುವ ರೈಲುಗಳು ನಿಗದಿತ ನಿಲ್ದಾಣಗಳಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವು. ಒಂದು ರೈಲು ತಡವಾದರೆ ಎದುರಿನದೂ ಕಾದು ತಡವಾಗುತ್ತದೆ. ಮೇನೂತ್ ತಲುಪಿದ ಮೇಲೆ ಜೋಡಿ ಹಳಿ ಸಿಕ್ಕರೂ ಪ್ರತಿ ನಿಲ್ದಾಣದಲ್ಲಿ ನಿಲ್ಲುವ ಉಪನಗರ ರೈಲುಗಳ ಹಿಂದೆ ತೆವಳಬೇಕಾಗುತ್ತದೆ, ಏಕೆಂದರೆ ಹಿಂದಿಕ್ಕಿ ಹೋಗಲು ಮೂರನೆಯ ಹಳಿಯಿಲ್ಲ. ಲಾಂಗ್‌ಫರ್ಡ್‌ನಿಂದ ಡಬ್ಲಿನ್‌ನ ಕಾನಲಿ ನಿಲ್ದಾಣಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಬೇಕು. ಹೋಗಿಬರಲು ದಿನಕ್ಕೆ ಮೂರೂವರೆ ಗಂಟೆ. ವಾರಕ್ಕೆ ಐದು ದಿನವಾದರೆ ಹದಿನೇಳೂವರೆ ಗಂಟೆ. ಅಂದರೆ ಎರಡು ಕೆಲಸದ ದಿನಗಳಿಗಿಂತಲೂ ಅಧಿಕ ಕಾಲ ಆಸನದ ಮೇಲೆಯೇ ಕಳೆಯುತ್ತದೆ. ಮನೆಯಿಂದ ನಿಲ್ದಾಣದ ದಾರಿ ಇದರಲ್ಲಿ ಸೇರಿಲ್ಲ.

ರಾಸ್‌ಲೇರ್ ಮಾರ್ಗದಲ್ಲಿ ಗೋರಿ ಮತ್ತು ಆರ್ಕ್ಲೋ ಇವೆ. ಬ್ರೇ ಮತ್ತು ಗ್ರೇಸ್ಟೋನ್ಸ್ ನಡುವೆ ಸಮುದ್ರದಂಚಿನ ಬಂಡೆಗಳನ್ನು ಕೊರೆದು ಸಾಗುವ ಭಾಗವನ್ನು ಇಸಂಬಾರ್ಡ್ ಕಿಂಗ್ಡಮ್ ಬ್ರುನೆಲ್ ರೂಪಿಸಿದನು. ಬ್ರೇಯ ದಕ್ಷಿಣಕ್ಕೆ ಇದೂ ಒಂಟಿ ಹಳಿಯೇ; ಉತ್ತರಕ್ಕೆ ಅದೇ ಹಳಿಗಳನ್ನು 1984ರಲ್ಲಿ ಆರಂಭವಾದ ಡಾರ್ಟ್ ವಿದ್ಯುತ್ ರೈಲುಗಳೊಡನೆ ಹಂಚಿಕೊಳ್ಳಬೇಕು. ಗೋರಿಯ ಪ್ರಯಾಣಿಕರು ಬೆಳಗಿನ 6 ಗಂಟೆಯ ಆಸುಪಾಸಿನಲ್ಲಿ ಹೊರಡುವುದು ಸಾಮಾನ್ಯ.

ಕಾರ್ಕ್ ಮಾರ್ಗದ ಸ್ಥಿತಿ ಇವೆರಡಕ್ಕಿಂತ ಉತ್ತಮ. ಜೋಡಿ ಹಳಿ, ಹೆಚ್ಚಿನ ವೇಗ, ಮತ್ತು 2010ರಲ್ಲಿ ಪೂರ್ಣಗೊಂಡ ಯೋಜನೆಯಿಂದ ಚೆರಿ ಆರ್ಚರ್ಡ್ ಹಾಗೂ ಹೇಜಲ್‌ಹ್ಯಾಚ್ ನಡುವೆ ನಾಲ್ಕು ಹಳಿಗಳು ಇಲ್ಲಿವೆ. 80 ಕಿ.ಮೀ.ಗೂ ದೂರದ ಪೋರ್ಟ್‌ಲೀಷ್‌ನಿಂದ ವೇಗದ ರೈಲುಗಳು ಒಂದು ಗಂಟೆಯೊಳಗೆ ಡಬ್ಲಿನ್ ತಲುಪುತ್ತವೆ. 1976ರಲ್ಲಿ ಮುಚ್ಚಿಹೋಗಿದ್ದ ಮೊನಾಸ್ಟರೆವಿನ್ ನಿಲ್ದಾಣವು 2001ರಲ್ಲಿ ಮರುತೆರೆಯಿತು. ಇಲ್ಲಿನ ಕೊರತೆ ಕೊನೆಯ ಕೆಲವು ಕಿಲೋಮೀಟರುಗಳದ್ದು: ಹ್ಯೂಸ್ಟನ್ ನಿಲ್ದಾಣ ನಗರಕೇಂದ್ರದ ಪಶ್ಚಿಮ ಅಂಚಿನಲ್ಲಿದೆ. 2004ರಲ್ಲಿ ಲುವಾಸ್ ಟ್ರಾಮ್ ಬಂದಾಗ ಕಾನಲಿ ನಿಲ್ದಾಣದೊಡನೆ ನೇರ ಸಂಪರ್ಕ ದೊರೆಯಿತು. 1877ರಷ್ಟು ಹಳೆಯದಾದ ಫೀನಿಕ್ಸ್ ಉದ್ಯಾನದ ಸುರಂಗವು ಎರಡೂ ದಿಕ್ಕಿನ ಹಳಿಗಳನ್ನು ಜೋಡಿಸುತ್ತಿದ್ದರೂ ದಿನಪ್ರಯಾಣಿಕರ ರೈಲುಗಳು ಅದರ ಮೂಲಕ ಓಡತೊಡಗಿದ್ದು 2016ರ ನವೆಂಬರ್‌ನಲ್ಲಿ ಮಾತ್ರ. ಉತ್ತರದ ಬೆಲ್‌ಫಾಸ್ಟ್ ಮಾರ್ಗದಲ್ಲಿ ಡ್ರಾಹೆಡಾ ಮತ್ತು ಡಂಡಾಕ್‌ನ ಪ್ರಯಾಣಿಕರು ಜೋಡಿ ಹಳಿಯ ಮೇಲೆ ಡಾರ್ಟ್ ಮತ್ತು ಬೆಲ್‌ಫಾಸ್ಟ್‌ನ ವೇಗದ ರೈಲುಗಳ ನಡುವೆ ಎಡೆ ಹುಡುಕಬೇಕಾಗುತ್ತದೆ.

ಲಿಫಿ ನದಿಯನ್ನು ದಾಟುವ 1891ರ ಲೂಪ್‌ಲೈನ್ ಸೇತುವೆಯ ಮೇಲೆ ಎರಡೇ ಹಳಿಗಳಿವೆ. ಉತ್ತರ, ವಾಯವ್ಯ ಮತ್ತು ದಕ್ಷಿಣದಿಂದ ಬಂದು ನಗರವನ್ನು ದಾಟುವ ರೈಲುಗಳೆಲ್ಲವೂ ಇದನ್ನೇ ಅವಲಂಬಿಸಿವೆ. ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ದೂರದ ಪಟ್ಟಣಕ್ಕೆ ಇನ್ನೊಂದು ರೈಲು ಸೇರಿಸುವುದು ಕಷ್ಟವಾಗಿರುವುದಕ್ಕೆ ಬೋಗಿಗಳ ಕೊರತೆಯಷ್ಟೇ ಈ ಸೇತುವೆಯೂ ಕಾರಣ.

ದರಗಳು

ಡಬ್ಲಿನ್ ಸುತ್ತಲಿನ ದರವಲಯದ ಗಡಿಯು ಬಹುಕಾಲ ವಿವಾದಕ್ಕೆ ಒಳಗಾಗಿತ್ತು. ಉದಾಹರಣೆಗೆ ಬಾಲ್‌ಬ್ರಿಗನ್ ವಲಯದೊಳಗಿದ್ದರೆ ಅದರ ಮುಂದಿನ ನಿಲ್ದಾಣವಾದ ಗಾರ್ಮನ್‌ಸ್ಟನ್ ಹೊರಗಿತ್ತು. ಒಂದೇ ನಿಲ್ದಾಣದ ಅಂತರಕ್ಕೆ ದರ ಗಣನೀಯವಾಗಿ ಏರುತ್ತಿತ್ತು. ತಮ್ಮೂರಿನ ನಿಲ್ದಾಣವನ್ನು ಬಿಟ್ಟು ವಲಯದೊಳಗಿನ ನಿಲ್ದಾಣಕ್ಕೆ ಕಾರಿನಲ್ಲಿ ಹೋಗಿ ರೈಲು ಹತ್ತುವ ಅಭ್ಯಾಸ ಇದರಿಂದ ಹುಟ್ಟಿತು. ಉದ್ಯೋಗದಾತರ ಮೂಲಕ ತಿಂಗಳ ಅಥವಾ ವಾರ್ಷಿಕ ಟಿಕೆಟ್ ಪಡೆದರೆ ಅದರ ಮೊತ್ತಕ್ಕೆ ಆದಾಯ ತೆರಿಗೆ ಬೀಳದ ಸೌಲಭ್ಯವಿದೆ. ಆದರೆ ವಾರದಲ್ಲಿ ಎರಡು ಮೂರು ದಿನ ಮಾತ್ರ ಪ್ರಯಾಣಿಸುವವರಿಗೆ ವಾರ್ಷಿಕ ಟಿಕೆಟ್ ಲಾಭದಾಯಕವಲ್ಲ.

ಸಾಮಾಜಿಕ ಪರಿಣಾಮ

2016ರ ಜನಗಣತಿಯ ಪ್ರಕಾರ ಕೆಲಸಕ್ಕೆ ಹೋಗಲು ತಗಲುವ ಸರಾಸರಿ ಸಮಯ 28 ನಿಮಿಷವಾಗಿದ್ದು, ಸುಮಾರು 2 ಲಕ್ಷ ಜನರು ಒಂದು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಪ್ರಯಾಣಿಸುತ್ತಿದ್ದರು. ಇವರಲ್ಲಿ ಕಾರು ಮತ್ತು ಬಸ್ ಬಳಸುವವರೂ ಸೇರಿದ್ದಾರೆ.

ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ 2000ದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ದಿನದ ಪ್ರಯಾಣಕ್ಕೆ ಸೇರುವ ಪ್ರತಿ ಹತ್ತು ನಿಮಿಷವೂ ಸಮುದಾಯದ ಕೆಲಸಗಳಲ್ಲಿ ಪಾಲ್ಗೊಳ್ಳುವಿಕೆಯನ್ನು ಶೇಕಡಾ 10ರಷ್ಟು ತಗ್ಗಿಸುತ್ತದೆ ಎಂದು ವಾದಿಸಿದ್ದರು. ಈ ವಿಚಾರ ಐರ್ಲೆಂಡ್‌ನಲ್ಲಿ ವಿಶೇಷವಾಗಿ ನಾಟಿತು. ಅಂದಿನ ಪ್ರಧಾನಿ ಬರ್ಟಿ ಅಹರ್ನ್ ಅವರ ಪಕ್ಷವು 2005ರಲ್ಲಿ ಪಟ್ನಮ್ ಅವರನ್ನು ತನ್ನ ಶಾಸಕರ ಸಭೆಗೆ ಆಹ್ವಾನಿಸಿತು. ಮರುವರ್ಷ ಸಕ್ರಿಯ ನಾಗರಿಕತ್ವದ ಕುರಿತು ಕಾರ್ಯಪಡೆಯೊಂದು ರಚನೆಯಾಯಿತು. ಐರಿಷ್ ಪಟ್ಟಣದ ಜೀವನವು ವೇತನವಿಲ್ಲದೆ ದುಡಿಯುವವರ ಮೇಲೆ ನಿಂತಿದೆ. ಗೇಲಿಕ್ ಕ್ರೀಡಾ ಸಂಘದಲ್ಲಿ ಮಕ್ಕಳಿಗೆ ತರಬೇತಿ ಕೊಡುವವರು ಸಂಜೆ ಏಳಕ್ಕೆ ಮೈದಾನದಲ್ಲಿರಬೇಕು. ಅದೇ ಹೊತ್ತಿಗೆ ಲಾಂಗ್‌ಫರ್ಡ್‌ನ ದಿನಪ್ರಯಾಣಿಕರು ಮಲ್ಲಿಂಗಾರ್ ಬಳಿ ಎದುರಿನ ರೈಲಿಗಾಗಿ ಕಾಯುತ್ತಿರಬಹುದು. ಶಿಶುಪಾಲನಾ ಕೇಂದ್ರ ತೆರೆಯುವ ಮುನ್ನವೇ ಮೊದಲ ರೈಲು ಹೊರಡುವ ಊರುಗಳಲ್ಲಿ, ತಂದೆತಾಯಿಗಳಲ್ಲಿ ಒಬ್ಬರು ದೂರದ ಉದ್ಯೋಗವನ್ನು ಬಿಡಬೇಕಾಗುತ್ತದೆ ಅಥವಾ ಅಜ್ಜ–ಅಜ್ಜಿಯರನ್ನು ಆಶ್ರಯಿಸಬೇಕಾಗುತ್ತದೆ. ಬೇರೆಡೆಯಿಂದ ಬಂದು ನೆಲೆಸಿದವರಿಗೆ ಆ ಎರಡನೆಯ ದಾರಿ ಹೆಚ್ಚಾಗಿ ಇರುವುದಿಲ್ಲ.

ಇನ್ನೊಂದು ಮುಖವೂ ಇದಕ್ಕಿದೆ. ಒಂದೇ ಬೋಗಿಯ ಒಂದೇ ಮೂಲೆಯಲ್ಲಿ ವರ್ಷಗಟ್ಟಲೆ ಕೂರುವವರ ನಡುವೆ ಪರಿಚಯ, ಗೆಳೆತನಗಳು ಬೆಳೆಯುತ್ತವೆ. ಕಾರಿನಲ್ಲಿ ಕಳೆದುಹೋಗುವ ಸಮಯ ರೈಲಿನಲ್ಲಿ ಓದಿಗೆ, ನಿದ್ದೆಗೆ, ಕಚೇರಿಯ ಕೆಲಸಕ್ಕೆ ದಕ್ಕುತ್ತದೆ, ಆದರೆ ಆಸನ ಸಿಕ್ಕರೆ ಮಾತ್ರ.

2020ರ ನಂತರ

2020ರ ಮಾರ್ಚ್‌ನಲ್ಲಿ ಕೋವಿಡ್-19 ನಿರ್ಬಂಧಗಳು ಜಾರಿಯಾದಾಗ ಈ ಪ್ರಯಾಣ ಬಹುತೇಕ ನಿಂತುಹೋಯಿತು. ಮನೆಯಿಂದಲೇ ಕೆಲಸ ಮಾಡಲು ಸಾಧ್ಯವೆಂಬುದು ಸಾಬೀತಾದ ಮೇಲೆ ಸರ್ಕಾರವು 2021ರಲ್ಲಿ ದೂರಕೆಲಸದ ರಾಷ್ಟ್ರೀಯ ಕಾರ್ಯನೀತಿಯನ್ನು ಪ್ರಕಟಿಸಿತು. 2023ರ ಕಾಯಿದೆಯು ದೂರಕೆಲಸವನ್ನು ಕೋರುವ ಹಕ್ಕನ್ನು ನೌಕರರಿಗೆ ನೀಡಿತು. ಅದು ಕೋರುವ ಹಕ್ಕು ಮಾತ್ರ. ಉದ್ಯೋಗದಾತರು ಕಾರಣ ನೀಡಿ ನಿರಾಕರಿಸಬಹುದು. ವಾರದಲ್ಲಿ ಎರಡೇ ದಿನ ಪ್ರಯಾಣವೆಂದಾಗ ಇನ್ನಷ್ಟು ದೂರದ ಪಟ್ಟಣವೂ ವಾಸಯೋಗ್ಯವಾಗಿ ಕಾಣತೊಡಗುತ್ತದೆ. ಮುಂದೆ ಕಚೇರಿಯು ಐದು ದಿನಕ್ಕೆ ಕರೆದರೆ ಅಂಥವರ ಪಾಡು 2007ರ ಖರೀದಿದಾರರ ಪಾಡಿಗಿಂತ ಬಹಳ ಭಿನ್ನವಾಗಲಾರದು.

ವಿಸ್ತರಣೆಯ ಯೋಜನೆಗಳು

ಡಾರ್ಟ್ ವಿಸ್ತರಣೆಯ ಯೋಜನೆಯಡಿ ಮೇನೂತ್, ಹೇಜಲ್‌ಹ್ಯಾಚ್ ಮತ್ತು ಡ್ರಾಹೆಡಾದವರೆಗೆ ವಿದ್ಯುತ್ ರೈಲುಗಳನ್ನು ಓಡಿಸುವ ಉದ್ದೇಶವಿದೆ. ಇದಕ್ಕಾಗಿ ಬ್ಯಾಟರಿಯಿಂದಲೂ ಚಲಿಸಬಲ್ಲ ರೈಲುಗಳನ್ನು ಆಲ್‌ಸ್ಟಮ್ ಕಂಪನಿಯಿಂದ ತರಿಸಲಾಗುತ್ತಿದೆ. ಲಾಂಗ್‌ಫರ್ಡ್, ಪೋರ್ಟ್‌ಲೀಷ್ ಮತ್ತು ಗೋರಿ ಈ ಯೋಜನೆಯ ವ್ಯಾಪ್ತಿಯಿಂದ ಹೊರಗಿವೆ. 2024ರ ಜುಲೈನಲ್ಲಿ ಪ್ರಕಟವಾದ ಅಖಿಲ ದ್ವೀಪ ರೈಲು ಪರಾಮರ್ಶೆಯು ಒಳನಾಡಿನ ಮಾರ್ಗಗಳ ಸುಧಾರಣೆಯನ್ನು ಶಿಫಾರಸು ಮಾಡಿದೆ.

ಡಬ್ಲಿನ್‌ನಿಂದ ಸುಮಾರು 50 ಕಿ.ಮೀ. ದೂರದ ನಾವನ್ ಪಟ್ಟಣದಲ್ಲಿ 2022ರಲ್ಲಿ 33,000ಕ್ಕೂ ಹೆಚ್ಚು ಜನರಿದ್ದರೂ ಅಲ್ಲಿಗೆ ಪ್ರಯಾಣಿಕ ರೈಲಿಲ್ಲ. ಗಣಿಯ ಅದಿರು ಸಾಗಿಸುವ ಸರಕು ರೈಲುಗಳು ಮಾತ್ರ ಇವೆ. ಹಳೆಯ ನಾವನ್ ಮಾರ್ಗದ ಒಂದು ಭಾಗವು 2010ರಲ್ಲಿ ಡನ್‌ಬಾಯ್ನ್ ಮತ್ತು ಎಂ3 ಪಾರ್ಕ್‌ವೇ ನಿಲ್ದಾಣದವರೆಗೆ ಮರುಜೀವ ಪಡೆಯಿತು. ಉಳಿದ ಭಾಗವನ್ನು 2030ರ ದಶಕದಲ್ಲಿ ನಿರ್ಮಿಸುವ ಪ್ರಸ್ತಾವವಿದೆ. ಸದ್ಯಕ್ಕೆ ನಾವನ್‌ನ ನಿವಾಸಿಗಳು ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಬಂದು, ಸುಮಾರು 1,200 ವಾಹನಗಳಿಗೆ ಜಾಗವಿರುವ ಆ ನಿಲ್ದಾಣದಲ್ಲಿ ರೈಲು ಹತ್ತುತ್ತಾರೆ.