ಕಡಾಣಿಯೂ ವಿಮಾನವೂ

ಎತ್ತಿನ ಗಾಡಿಯ ಅಚ್ಚಿನ ತುದಿಯಲ್ಲಿ ಚಕ್ರವು ಕಳಚದಂತೆ ತಡೆಯುವ ಒಂದು ಸಣ್ಣ ಕಬ್ಬಿಣದ ಕೀಲು ಇರುತ್ತದೆ. ಅದಕ್ಕೆ ಕಡಾಣಿ ಎಂದು ಹೆಸರು. ದಾರಿಯಲ್ಲಿ ಕಡಾಣಿ ಬಿದ್ದುಹೋದರೆ ನಮ್ಮ ರೈತನು ಎದೆಗುಂದುವುದಿಲ್ಲ. ಬೇಲಿಯ ಜಾಲಿಯಿಂದ ಒಂದು ಗಟ್ಟಿ ಕೊಂಬೆಯನ್ನು ಕಡಿದು, ಕೆತ್ತಿ, ಅಚ್ಚಿನ ರಂಧ್ರಕ್ಕೆ ಬಡಿದು ಊರು ಸೇರುತ್ತಾನೆ. ವಿಮಾನದಲ್ಲಿ ಇಂತಹ ಕಡಾಣಿಗಳು ಸಾವಿರಾರು. ಆದರೆ ಅಲ್ಲಿ ಜಾಲಿಯ ಕೊಂಬೆಗೆ ಎಡೆಯಿಲ್ಲ. ಗಾಡಿ ನಿಂತರೆ ನೆಲದ ಮೇಲೆಯೇ ನಿಲ್ಲುತ್ತದೆಯಷ್ಟೆ!

ಯುದ್ಧವಿಮಾನದ ಮಾತು ಬಂದೊಡನೆ ಅದರ ವೇಗವೆಷ್ಟು, ಅದು ಏರುವ ಎತ್ತರವೆಷ್ಟು ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ನಾಳೆ ಬೆಳಿಗ್ಗೆ ಅದು ಹಾರಬಲ್ಲುದೆ ಎಂದು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ವಾಯುಪಡೆಗೆ ಇದೇ ಮೊದಲನೆಯ ಪ್ರಶ್ನೆ. ಇದರ ಉತ್ತರವು ದುರಸ್ತಿಯ ಕೊಟ್ಟಿಗೆಯಲ್ಲಿಯೂ ಬಿಡಿಭಾಗಗಳ ಉಗ್ರಾಣದಲ್ಲಿಯೂ ಅಡಗಿರುತ್ತದೆ. ಇದನ್ನು ವಿಶದಪಡಿಸಲು ನಮ್ಮ ಬೆಂಗಳೂರಿಗೆ ಸಂಬಂಧಿಸಿದ ಒಂದು ನಿಜವಾದ ಪ್ರಸಂಗವೇ ಇದೆ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕವು ‘ಲಿಬರೇಟರ್’ ಎಂಬ ನಾಲ್ಕು ಇಂಜಿನುಗಳ ಬಾಂಬರು ವಿಮಾನಗಳನ್ನು ಹದಿನೆಂಟು ಸಾವಿರಕ್ಕೂ ಮಿಕ್ಕು ತಯಾರಿಸಿತು. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಒಂದೊಂದು ಇಂಜಿನಿನ ಬಲ ಸುಮಾರು 1,200 ಅಶ್ವಶಕ್ತಿ. ‘ಲೆಂಡ್ ಲೀಸ್’ ಏರ್ಪಾಡಿನಂತೆ ಇವುಗಳಲ್ಲಿ ಅನೇಕವನ್ನು ಬ್ರಿಟಿಷ್ ವಾಯುಪಡೆಯು ಎರವಲು ಪಡೆದು ಭಾರತದಿಂದ ಬರ್ಮಾದ ಕಡೆಗೆ ಹಾರಿಸುತ್ತಿತ್ತು. 1945ರಲ್ಲಿ ಯುದ್ಧ ಮುಗಿಯಿತು. ಎರವಲು ತಂದ ವಿಮಾನಗಳನ್ನು ಒಂದೋ ಹಿಂದಿರುಗಿಸಬೇಕು, ಇಲ್ಲವೇ ಯಾರ ಉಪಯೋಗಕ್ಕೂ ಬಾರದಂತೆ ಮಾಡಬೇಕು. ಎರಡನೆಯದೇ ಸುಲಭವೆನಿಸಿತು. ಕಾನ್ಪುರದ ಚಕೇರಿ ವಿಮಾನನಿಲ್ದಾಣದಲ್ಲಿ ಅವನ್ನು ಸಾಲಾಗಿ ನಿಲ್ಲಿಸಿ, ಕೆಲವದರ ಒಡಲಿಗೆ ಗುದ್ದಲಿಯಿಂದ ತೂತು ಕೊರೆದರು, ಕೆಲವದರ ಇಂಜಿನುಗಳಿಗೆ ಮರಳು ಸುರಿದರು, ಉಪಕರಣಗಳನ್ನು ಒಡೆದರು. ಹಾಗೆ ಕೆಡಿಸಿದ ವಿಮಾನಗಳನ್ನು ಬಿಸಿಲು ಮಳೆಗಳಿಗೆ ಒಪ್ಪಿಸಿ ಹೊರಟುಹೋದರು.

ಸ್ವಾತಂತ್ರ್ಯ ಬಂದಾಗ ಭಾರತದ ವಾಯುಪಡೆಯಲ್ಲಿ ಭಾರಿ ಬಾಂಬರುಗಳು ಒಂದೂ ಇರಲಿಲ್ಲ. ಹೊಸದನ್ನು ಕೊಳ್ಳಲು ಹಣವೂ ಸಾಲದು. ಆಗ ಅಧಿಕಾರಿಗಳ ಕಣ್ಣು ಕಾನ್ಪುರದ ಆ ಶವಗಳ ಸಾಲಿನ ಮೇಲೆ ಬಿದ್ದಿತು.

ಇಲ್ಲಿ ಸ್ವಲ್ಪ ಗಣಿತವನ್ನು ನೋಡೋಣ, ವಾಚಕರು ಬೇಸರಿಸಬಾರದು. ಒಂದು ವಿಮಾನ ಹಾರಲು ಅತ್ಯಗತ್ಯವಾದ ಭಾಗಗಳು ಕೇವಲ ನೂರು ಎಂದಿಟ್ಟುಕೊಳ್ಳಿ. ಪ್ರತಿಯೊಂದು ಭಾಗವೂ ನೂರರಲ್ಲಿ ತೊಂಬತ್ತೊಂಬತ್ತು ಸಲ ಸುಸ್ಥಿತಿಯಲ್ಲಿರುವುದೆಂದೂ ಭಾವಿಸಿರಿ. ಮೇಲುನೋಟಕ್ಕೆ ಇದು ಬಹಳ ಒಳ್ಳೆಯ ಸ್ಥಿತಿಯೇ. ಆದರೆ ಎಲ್ಲವೂ ಏಕಕಾಲಕ್ಕೆ ಸುಸ್ಥಿತಿಯಲ್ಲಿರುವ ಸಂಭವವನ್ನು ತಿಳಿಯಲು 0.99ನ್ನು ಅದರಿಂದಲೇ ಗುಣಿಸುತ್ತ ಹೋಗಿ ನೂರನೆಯ ಘಾತವನ್ನು ಪಡೆಯಬೇಕು. ಬರುವ ಉತ್ತರ ಸುಮಾರು 0.37. ಎಂದರೆ ಮೂರರಲ್ಲಿ ಒಂದಕ್ಕಿಂತ ಕೊಂಚ ಹೆಚ್ಚು ವಿಮಾನಗಳು ಮಾತ್ರ ಹಾರಬಲ್ಲವು! ಮಿಕ್ಕವು ಒಂದೋ ಎರಡೋ ಭಾಗಗಳಿಗಾಗಿ ಕಾಯುತ್ತ ನಿಲ್ಲುತ್ತವೆ.

ಆದುದರಿಂದಲೇ ಉಗ್ರಾಣ ಬೇಕು. ಉಗ್ರಾಣದಲ್ಲಿ ಎಷ್ಟು ಇಡಬೇಕು? ಒಂದು ದಳದಲ್ಲಿ ತಿಂಗಳಿಗೆ ಸರಾಸರಿ ಎರಡು ಪಂಪುಗಳು ಕೆಡುತ್ತವೆ ಎನ್ನೋಣ. ಸರಾಸರಿಯನ್ನು ನಂಬಿ ಪ್ರತಿ ತಿಂಗಳ ಮೊದಲಿಗೆ ಎರಡೇ ಪಂಪುಗಳನ್ನು ಇಟ್ಟರೆ, ಹೆಚ್ಚುಕಡಮೆ ಮೂರು ತಿಂಗಳಿಗೊಮ್ಮೆ ಕೊರತೆ ಬೀಳುತ್ತದೆ. ಐದು ಇಟ್ಟರೆ ಅರವತ್ತು ತಿಂಗಳಿಗೊಮ್ಮೆ ಮಾತ್ರ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಗಣಿತಜ್ಞ ಪ್ವಾಸೋನನ ಸೂತ್ರದಿಂದ ಈ ಲೆಕ್ಕವನ್ನು ಕಾಲೇಜಿನ ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಕೆಡುವಿಕೆಯು ಅಕಸ್ಮಾತ್ತಾಗಿ ಬರುವುದೇ ಹೊರತು ಪಂಚಾಂಗ ನೋಡಿಕೊಂಡು ಬರುವುದಿಲ್ಲ. ಹಾಗೆಂದು ಎಲ್ಲ ಭಾಗಗಳನ್ನೂ ರಾಶಿ ಹಾಕುವಂತೆಯೂ ಇಲ್ಲ. ಕೆಲವು ಬಹಳ ಬೆಲೆಯವು, ರಬ್ಬರಿನವು ಬೀರುವಿನಲ್ಲಿದ್ದಲ್ಲಿಯೇ ಮುಪ್ಪಾಗುತ್ತವೆ.

ಉಗ್ರಾಣವೇ ಇಲ್ಲದಿದ್ದರೆ? ಲಿಬರೇಟರಿನ ತಯಾರಿಕೆ 1945ರಲ್ಲಿಯೇ ನಿಂತಿತ್ತು. ಆಗ ಉಳಿಯುವುದು ಒಂದೇ ಉಪಾಯ: ಒಂದು ವಿಮಾನವನ್ನು ಕಳಚಿ ಇನ್ನೊಂದಕ್ಕೆ ಜೋಡಿಸುವುದು. ಹತ್ತು ವಿಮಾನಗಳಲ್ಲಿ ಒಂದೊಂದಕ್ಕೆ ಒಂದೊಂದು ಬೇರೆ ಭಾಗ ಇಲ್ಲವೆನ್ನಿ. ಹತ್ತೂ ನಿಂತಿವೆ. ಅವುಗಳಲ್ಲಿ ಒಂದನ್ನು ಬಲಿಕೊಟ್ಟರೆ ಒಂಬತ್ತು ಹಾರುತ್ತವೆ. ಬಲಿಯಾದ ವಿಮಾನವನ್ನು ವಾಯುಪಡೆಯವರು ಹಾಸ್ಯಕ್ಕೆ ‘ಹ್ಯಾಂಗರಿನ ರಾಣಿ’ ಎನ್ನುವುದುಂಟು. ಶಾಂತಿಕಾಲದಲ್ಲಿ ಇದು ಒಳ್ಳೆಯ ಪದ್ಧತಿಯೆನಿಸದು. ಬಿಚ್ಚುವುದು, ಕೂಡಿಸುವುದು ಎಂದು ಕೆಲಸ ಇಮ್ಮಡಿಯಾಗುತ್ತದೆ, ಬಿಚ್ಚುವಾಗ ಒಳ್ಳೆಯ ಭಾಗವೂ ಕೆಡಬಹುದು.

ಕಾನ್ಪುರದಲ್ಲಿ ಕೆಡಿಸಿದವರು ಮಾಡಿದ ತಪ್ಪು ಇಲ್ಲಿಯೇ ಇದೆ ಎಂದು ನನ್ನ ಎಣಿಕೆ. ಅವರು ಒಂದೊಂದು ವಿಮಾನವನ್ನು ಒಂದೊಂದು ಬಗೆಯಲ್ಲಿ ಗಾಯಗೊಳಿಸಿದರು. ಒಂದರ ಒಡಲು ತೂತಾದರೆ ಇನ್ನೊಂದರ ಒಡಲು ನೆಟ್ಟಗಿತ್ತು. ಪ್ರತಿಯೊಂದರಿಂದಲೂ ಒಂದೇ ಒಂದು ಮುಖ್ಯ ಭಾಗವನ್ನು, ಎಲ್ಲದರಿಂದಲೂ ಅದೇ ಭಾಗವನ್ನು, ಮುರಿದಿದ್ದರೆ ಅರ್ಧ ಶ್ರಮದಲ್ಲಿ ಇಡೀ ಸಾಲು ಕಬ್ಬಿಣದಂಗಡಿಗೆ ಹೋಗುತ್ತಿತ್ತು. ಹಿಮ್ಮೆಟ್ಟುವ ಸೈನ್ಯವು ತನ್ನ ಯಂತ್ರಗಳನ್ನು ನಾಶಮಾಡುವಾಗ ಎಲ್ಲದರಲ್ಲಿಯೂ ಒಂದೇ ಭಾಗವನ್ನು ಒಡೆಯಬೇಕೆಂದು ಅಮೆರಿಕದ ಸೈನ್ಯದ ಕೈಪಿಡಿಗಳೇ ಹೇಳುತ್ತವೆ.

ದುರಸ್ತಿಯ ಹೊಣೆ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ ಬಂದಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ ಸ್ಥಾಪಿಸಿದ ಈ ಕಾರ್ಖಾನೆಯು 1943ರಿಂದ ಯುದ್ಧ ಮುಗಿಯುವವರೆಗೆ ಅಮೆರಿಕದ ವಾಯುಪಡೆಯ ದುರಸ್ತಿಕೇಂದ್ರವಾಗಿತ್ತು. ಕಟಲೀನ ಎಂಬ ನೀರಿನ ಮೇಲಿಳಿಯುವ ವಿಮಾನಗಳನ್ನೂ ಡಕೋಟಗಳನ್ನೂ ಬಿಚ್ಚಿ ಕೂಡಿಸಿದ ಕೈಗಳು ಅಲ್ಲಿದ್ದವು. ಅದೃಷ್ಟವೆಂಬಂತೆ ಈ ಎರಡರ ಇಂಜಿನುಗಳೂ ಲಿಬರೇಟರಿನವೂ ಒಂದೇ ವಂಶದವು: ಪ್ರಾಟ್ ಅಂಡ್ ವಿಟ್ನಿ ಕಂಪನಿಯ, ಹದಿನಾಲ್ಕು ಸಿಲಿಂಡರುಗಳ, ಗಾಳಿಯಿಂದ ತಣಿಯುವ ‘ಟ್ವಿನ್ ವಾಸ್ಪ್’.

ಆದರೆ ವಿಮಾನಗಳು ಕಾನ್ಪುರದಲ್ಲಿ, ಕಾರ್ಖಾನೆ ಬೆಂಗಳೂರಿನಲ್ಲಿ. ನಡುವೆ ಸುಮಾರು 1,500 ಕಿಲೋಮೀಟರು. ನೂರಹತ್ತು ಅಡಿ ಅಗಲದ ಯಂತ್ರವನ್ನು ರೈಲಿನಲ್ಲಿ ತರುವುದೆಂತು? ಅವನ್ನು ಹಾರಿಸಿಕೊಂಡೇ ತರಬೇಕಾಯಿತು. ಕಾರ್ಖಾನೆಯ ಕೆಲಸಗಾರರು ಕಾನ್ಪುರಕ್ಕೆ ಹೋಗಿ, ಸಾಲಿನಲ್ಲಿ ಮೇಲಾದುದನ್ನು ಆರಿಸಿ, ನೆರೆಯದರಿಂದ ಭಾಗಗಳನ್ನು ಬಿಚ್ಚಿ ತೊಡಿಸಿ, ಒಂದೇ ಒಂದು ಪಯಣಕ್ಕೆ ಸಾಲುವಷ್ಟು ಅದನ್ನು ಅಣಿಗೊಳಿಸುತ್ತಿದ್ದರು. ಕಾರ್ಖಾನೆಯ ಪರೀಕ್ಷಾಚಾಲಕ ಕ್ಯಾಪ್ಟನ್ ಜೆ. ಕೆ. ಮುನ್ಷಿಯವರು ಅದನ್ನು ಬೆಂಗಳೂರಿಗೆ ಹಾರಿಸಿ ತರುತ್ತಿದ್ದರು. ಹೀಗೆ ಒಂದಲ್ಲ ಎರಡಲ್ಲ, ಸುಮಾರು ನಲವತ್ತು ವಿಮಾನಗಳು ಬಂದವು. ಮೇಲೆ ಹೇಳಿದ 0.37ರ ಲೆಕ್ಕವನ್ನು ನೆನೆದರೆ ಆ ಚಾಲಕರ ಎದೆಗಾರಿಕೆಯ ಪರಿಮಾಣ ಸ್ವಲ್ಪಮಟ್ಟಿಗೆ ತಿಳಿದೀತು.

ಬೆಂಗಳೂರಿನಲ್ಲಿ ನಿಜವಾದ ಕೆಲಸ ಆರಂಭ. ಮರಳು ಹೊಕ್ಕ ಇಂಜಿನಿನಲ್ಲಿ ಏನಾಗುವುದೆಂದು ನೋಡಿರಿ. ತಿರುಗುವ ದಂಡಕ್ಕೂ ಬೇರಿಂಗಿಗೂ ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪದರವಿರುತ್ತದೆ. ಲೋಹವು ಲೋಹವನ್ನು ಮುಟ್ಟುವುದೇ ಇಲ್ಲ. ಮರಳಿನ ಹರಳು ಆ ಪದರಕ್ಕಿಂತ ದೊಡ್ಡದು, ಬೇರಿಂಗಿನ ಮೃದುವಾದ ಲೋಹಕ್ಕಿಂತ ಬಹಳ ಕಠಿಣ. ಒಂದು ಹಿಡಿ ಮರಳು ಇಂಜಿನನ್ನು ಒಳಗಿನಿಂದ ಅರದಂತೆ ಉಜ್ಜಿಬಿಡುತ್ತದೆ. ಆದುದರಿಂದ ಪ್ರತಿಯೊಂದು ತುಣುಕನ್ನೂ ಬಿಚ್ಚಿ, ತೊಳೆದು, ಅಳೆದು, ಸವೆತವು ನಿಗದಿಯಾದ ಮಿತಿಯನ್ನು ದಾಟಿದ್ದರೆ ಎಸೆಯಬೇಕು.

ಕಣ್ಣಿಗೆ ಕಾಣದ ಬಿರುಕುಗಳನ್ನು ಕಂಡುಹಿಡಿಯುವ ವಿಧಾನ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಹಿಡಿಸುವಂಥದು. ಉಕ್ಕಿನ ಭಾಗವನ್ನು ಅಯಸ್ಕಾಂತವನ್ನಾಗಿ ಮಾಡಿ, ಅದರ ಮೇಲೆ ಕಬ್ಬಿಣದ ನಯವಾದ ಪುಡಿಯನ್ನು ಬೆರೆಸಿದ ಎಣ್ಣೆಯನ್ನು ಹರಿಸುತ್ತಾರೆ. ಬಿರುಕು ಇರುವೆಡೆಯಲ್ಲಿ ಬಲರೇಖೆಗಳು ಹೊರಗೆ ಸೋರುತ್ತವೆ. ಪುಡಿ ಅಲ್ಲಿ ಕೂಡಿಕೊಂಡು ಗೆರೆ ಮೂಡುತ್ತದೆ. ಶಾಲೆಯಲ್ಲಿ ದಂಡಕಾಂತದ ಮೇಲೆ ಕಾಗದವಿಟ್ಟು ಕಬ್ಬಿಣದ ಅರಪುಡಿ ಉದುರಿಸುವ ಪ್ರಯೋಗವೇ ಇದು! ಅಲ್ಯೂಮಿನಿಯಮ್ಮಿಗೆ ಈ ವಿಧಾನ ನಡೆಯದು; ಅಲ್ಲಿ ಬಣ್ಣದ ದ್ರವವನ್ನು ಬಿರುಕಿನೊಳಗೆ ಇಂಗಿಸಿ ನೋಡಬೇಕು.

ಬಿರುಕು ಬರುವುದೇಕೆ? ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಕೊನೆಗೆ ಅದು ಮುರಿಯುವುದನ್ನು ಎಲ್ಲರೂ ಬಲ್ಲರು. ಇದು ಲೋಹದ ಬಳಲಿಕೆ. ಉಕ್ಕಿನ ಮೇಲಣ ಒತ್ತಡವು ಒಂದು ಮಿತಿಯೊಳಗಿದ್ದರೆ ಅದು ಲೆಕ್ಕವಿಲ್ಲದಷ್ಟು ಸಲ ಬಾಗಿಯೂ ಉಳಿಯುತ್ತದೆ. ಅಲ್ಯೂಮಿನಿಯಮ್ಮಿಗೆ ಅಂತಹ ಮಿತಿಯೇ ಇಲ್ಲ. ಸಣ್ಣ ಒತ್ತಡವೂ ಎಂದಾದರೊಂದು ದಿನ ಲೆಕ್ಕ ಕೇಳುತ್ತದೆ. ವಿಮಾನದ ವಯಸ್ಸನ್ನು ವರ್ಷಗಳಲ್ಲದೆ ಹಾರಾಟದ ಗಂಟೆಗಳಲ್ಲಿಯೂ ಎಣಿಸುವುದು ಇದಕ್ಕಾಗಿಯೇ. ಪ್ರತಿಯೊಂದು ಹಾರಾಟ, ಪ್ರತಿಯೊಂದು ದೋಷ, ಬದಲಾಯಿಸಿದ ಪ್ರತಿಯೊಂದು ಭಾಗ ‘ಫಾರಂ 700’ ಎಂಬ ದಾಖಲೆಯಲ್ಲಿ ಸೇರಬೇಕು. ಕೆಲಸ ಮಾಡಿದವನು ಅದರಲ್ಲಿ ರುಜು ಹಾಕುತ್ತಾನೆ. ಅದನ್ನು ಓದಿ ತಾನೂ ರುಜು ಹಾಕದೆ ಚಾಲಕನು ಏರುವಂತಿಲ್ಲ. ಕಾನ್ಪುರದ ವಿಮಾನಗಳಿಗೆ ಇದ್ದ ದೊಡ್ಡ ಕೊರತೆ ಇದೇ ಎನ್ನಬಹುದು. ನೆರೆಯದರಿಂದ ಕಿತ್ತು ತೊಡಿಸಿದ ಪಂಪು ಎಷ್ಟು ಗಂಟೆ ದುಡಿದಿತ್ತೆಂದು ಪಂಪು ತಾನಾಗಿ ಹೇಳಲಾರದು. ಇತಿಹಾಸ ತಿಳಿಯದ ಭಾಗವನ್ನು ಪೂರ್ತಿಯಾಗಿ ಬಿಚ್ಚಿ ಪರೀಕ್ಷಿಸುವುದೊಂದೇ ದಾರಿ.

1948ರ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ ಐದನೆಯ ದಳವು ಈ ಲಿಬರೇಟರುಗಳೊಡನೆ ಆರಂಭವಾಯಿತು. ಬಾಂಬರುಗಳಾಗಿ ಅವುಗಳ ಕಾಲ ಮುಗಿದ ಮೇಲೂ ಆರನೆಯ ದಳದವರು ಸಮುದ್ರದ ಕಾವಲಿಗೆ ಅವನ್ನು ಬಳಸಿದರು. ತಯಾರಿಕೆ ನಿಂತು ಇಪ್ಪತ್ತು ವರ್ಷ ಕಳೆದಿದ್ದರೂ ಅವು ಹಾರುತ್ತಲೇ ಇದ್ದವು. ನಿವೃತ್ತಿಯಾದುದು 1968ರಲ್ಲಿ. ಆ ವೇಳೆಗೆ, ಅವನ್ನು ಸಾವಿರಗಟ್ಟಲೆಯಾಗಿ ತಯಾರಿಸಿದ ಅಮೆರಿಕದಲ್ಲಿಯೇ ನೆಟ್ಟಗಿರುವ ಲಿಬರೇಟರುಗಳು ಬೆರಳೆಣಿಕೆಯಷ್ಟು ಉಳಿದಿದ್ದವು. 1969ರಲ್ಲಿ ಭಾರತದ ಒಂದು ಲಿಬರೇಟರನ್ನು ಅರಿಜೋನದ ಟೂಸಾನ್ ನಗರದವರೆಗೆ ಹಾರಿಸಿಕೊಂಡು ಹೋದರು; ಅಲ್ಲಿಯ ಪೀಮಾ ವಿಮಾನ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇರಿಸಿದ್ದಾರೆ. ಇಂಗ್ಲೆಂಡು, ಕೆನಡಗಳ ಸಂಗ್ರಹಾಲಯಗಳಿಗೂ ಭಾರತದಿಂದಲೇ ಒಂದೊಂದು ಹೋಯಿತು.