ಪೊರೆಯುವ ಪೊರೆ

ಹೊಸ ವಸ್ತುವೊಂದು ಮನೆಗೆ ಬಂದಾಗ ಅದರೊಡನೆ ಸಂತೋಷವೂ ಬರುತ್ತದೆ, ಭಯವೂ ಬರುತ್ತದೆ. ಸಂತೋಷ ನೆರೆಹೊರೆಯವರ ಮುಂದೆ ಕಾಣಿಸಿಕೊಳ್ಳುತ್ತದೆ; ಭಯ ರಾತ್ರಿ ದೀಪ ಆರಿಸಿದ ಮೇಲೆ ಮಾತಿಗೆ ತೊಡಗುತ್ತದೆ. ಮಕ್ಕಳು ಹೊಸ ಪುಸ್ತಕಕ್ಕೆ ಕಂದು ಕಾಗದದ ಬೈಂಡು ಹಾಕುವುದೂ, ಗೃಹಸ್ಥರು ಹೊಸ ಸೋಫಾದ ಪ್ಲಾಸ್ಟಿಕ್ ಹೊದಿಕೆಯನ್ನು ವರ್ಷಗಟ್ಟಲೆ ತೆಗೆಯದಿರುವುದೂ ಈ ಭಯದಿಂದಲೇ. ಕಳೆದ ಮಳೆಗಾಲದಲ್ಲಿ ಸಾಲಮಾಡಿ ಕಡುನೀಲಿಯ ಸಣ್ಣ ಕಾರೊಂದನ್ನು ಕೊಂಡಾಗ ನನಗೂ ಅದರ ಪರಿಚಯವಾಯಿತು. ಬಣ್ಣದ ರಕ್ಷಣೆಗೆ ಪಾರದರ್ಶಕವಾದ ಹಾಳೆಯನ್ನು ಅಂಟಿಸಬೇಕೆ, ಸೆರಾಮಿಕ್ ಲೇಪವನ್ನು ಬಳಿಸಬೇಕೆ, ಅಥವಾ ಎರಡೂ ಬೇಕೆ? ತುಮಕೂರಿನ ಮೂರು ಅಂಗಡಿಗಳಲ್ಲಿ ಮೂರು ಉತ್ತರಗಳು ದೊರೆತವು.

ಅಂಗಡಿಯವರು ಆ ಹಾಳೆಯನ್ನು ‘ಪಿಪಿಎಫ್’ ಎನ್ನುತ್ತಾರೆ. ನಮ್ಮ ನುಡಿಯಲ್ಲಿ ಅದಕ್ಕೆ ಒಂದೇ ಪದ ಸಾಕು: ಪೊರೆ. ಹಾವು ಕಳಚುವುದು ಪೊರೆ. ಮುಪ್ಪಿನಲ್ಲಿ ಕಣ್ಣನ್ನು ಮುಸುಕುವುದು ಪೊರೆ. ಹಳಗನ್ನಡದಲ್ಲಿ ಪೊರೆ ಎಂದರೆ ಕಾಪಾಡು, ಸಲಹು ಎಂದೂ ಅರ್ಥ. ಅದನ್ನೇ ಶಕಟರೇಫವಿಟ್ಟು ‘ಪೊಱೆ’ ಎಂದು ಬರೆದರೆ ಭಾರ, ಎಂದರೆ ಇಂದಿನ ‘ಹೊರೆ’. ರಕ್ಷಣೆಗೂ ಭಾರಕ್ಕೂ ನಡುವೆ ಒಂದು ರೇಫದ ಅಂತರ ಮಾತ್ರ ಎಂಬುದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ; ಅದರ ಬೆಲೆ ತಿಳಿದದ್ದು ಅಂಗಡಿಯಲ್ಲಿ.

ಮೊದಲು ಕಾಪಾಡಬೇಕಾದುದು ಏನೆಂಬುದನ್ನು ನೋಡೋಣ. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಒಂದು ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಹೊಳಪಿನ ಪದರ. ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಹೊಳಪಿನ ಪದರವೊಂದೇ ಸುಮಾರು 40 ಮೈಕ್ರಾನ್. ನಮ್ಮ ತಲೆಗೂದಲೇ ಇದಕ್ಕಿಂತ ದಪ್ಪ!

ಈ ತೆಳುವಾದ ಸಿರಿಗೆ ಶತ್ರುಗಳು ಎರಡು ಬಗೆ. ಒಂದು ಪೆಟ್ಟು: ಮುಂದೆ ಹೋಗುವ ಟಿಪ್ಪರಿನಿಂದ ಸಿಡಿಯುವ ಜಲ್ಲಿಕಲ್ಲು. ಇನ್ನೊಂದು ಕಲೆ: ಹಕ್ಕಿಯ ಹಿಕ್ಕೆ, ಮರದ ಅಂಟು, ಗಡಸು ನೀರಿನ ಉಪ್ಪು. ಆಯ್ಕೆಯ ಗುಟ್ಟೆಲ್ಲ ಇಲ್ಲಿಯೇ ಇದೆ. ಪೆಟ್ಟನ್ನು ತಡೆಯಲು ದಪ್ಪ ಬೇಕು. ಕಲೆಯನ್ನು ತಡೆಯಲು ನುಣುಪು ಸಾಕು.

ಪೊರೆಯದು ದಪ್ಪದ ಕೆಲಸ. ವಿಯಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಹೆಲಿಕಾಪ್ಟರುಗಳ ತಿರುಗುವ ಅಲಗುಗಳನ್ನು ಮರಳಿನಿಂದಲೂ ಚೂರುಗಳಿಂದಲೂ ಕಾಪಾಡಲು ತ್ರೀಎಂ ಸಂಸ್ಥೆ ಸಿದ್ಧಪಡಿಸಿದ ಹಾಳೆಯೇ ಇದರ ಪೂರ್ವಜ. ಇಂದಿನ ಒಳ್ಳೆಯ ಪೊರೆ ಪಾಲಿಯುರಿಥೇನ್ ಎಂಬ ಮಿದುವಾದ ಪ್ಲಾಸ್ಟಿಕ್ಕಿನದು; ದಪ್ಪ ಸುಮಾರು 200 ಮೈಕ್ರಾನ್, ಎಂದರೆ ಕಾರಿನ ಬಣ್ಣಕ್ಕಿಂತಲೂ ಹೆಚ್ಚು. ಅದು ಕಲ್ಲಿನ ಪೆಟ್ಟನ್ನು ತಾನು ನುಂಗಿಕೊಳ್ಳುತ್ತದೆ. ಅದರ ಮೇಲ್ಮೈಯ ಸಣ್ಣ ಗೀರುಗಳು ಬಿಸಿಲು ತಾಗಿದರೆ ತಾವಾಗಿ ಕೂಡಿಕೊಳ್ಳುತ್ತವೆ. ಅಗ್ಗದ ಪಿವಿಸಿ ಹಾಳೆಗೆ ಈ ಗುಣವಿಲ್ಲ. ಅದು ಬೇಗ ಹಳದಿಯಾಗುತ್ತದೆ, ಗಡುಸಾಗುತ್ತದೆ. ಆದುದರಿಂದ ಹಾಳೆ ಯಾವುದೆಂಬುದನ್ನೂ, ಹಳದಿಯಾದರೆ ಇಲ್ಲವೆ ಅಂಚು ಎದ್ದರೆ ಹೊಣೆ ಯಾರದೆಂಬುದನ್ನೂ ಬರಹದಲ್ಲಿ ಪಡೆಯುವುದು ಲೇಸು. ಹಾಳೆಯನ್ನು ಕಾರಿನ ಮೇಲೆಯೇ ಇಟ್ಟು ಚಾಕುವಿನಿಂದ ಕೊಯ್ಯುವರೋ, ಅಳತೆಗೆ ಮೊದಲೇ ಕತ್ತರಿಸಿ ತರುವರೋ ಎಂಬುದನ್ನೂ ಕೇಳಬೇಕು. ಕೈ ಜಾರಿದ ಚಾಕು ಜಲ್ಲಿಗಿಂತ ಕ್ರೂರಿ.

ಸೆರಾಮಿಕ್ ಲೇಪದ ಕಥೆ ಬೇರೆ. ಸಿಲಿಕಾನಿನ ಸಂಯುಕ್ತಗಳಿಂದಾದ ಈ ದ್ರವ ಒಣಗಿದ ಮೇಲೆ ಉಳಿಯುವುದು ಒಂದೆರಡು ಮೈಕ್ರಾನಿನಷ್ಟು ಪದರ. ಹೊಳಪು ಕೊಡುತ್ತದೆ, ಕೊಳೆ ಅಂಟದಂತೆ ನೋಡಿಕೊಳ್ಳುತ್ತದೆ. ಕಲ್ಲನ್ನು ಮಾತ್ರ ತಡೆಯಲಾರದು. ಡಬ್ಬಿಯ ಮೇಲೆ ‘9ಎಚ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಅದು ವಜ್ರದ ಕಾಠಿಣ್ಯವೇನೂ ಅಲ್ಲ, ಸೀಸದ ಕಡ್ಡಿಯ ಅಳತೆ. 9ಎಚ್ ಪೆನ್ಸಿಲು ಅದನ್ನು ಗೀರಲಾರದೆಂದು ಅರ್ಥ. ರಸ್ತೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಪುಡಿಗೆ ಆ ಅಂಕಿಯ ಭಯವಿಲ್ಲ.

‘ತಾವರೆ ಎಲೆಯ ಮೇಲಿನ ನೀರಿನಂತೆ’ ಎಂಬುದು ಈ ಲೇಪದ ಇನ್ನೊಂದು ಜಾಹೀರಾತು. ವೈರಾಗ್ಯಕ್ಕೆಂದು ನಮ್ಮ ಹಿರಿಯರು ಬಳಸಿದ ಹೋಲಿಕೆ ವ್ಯಾಪಾರಕ್ಕೆ ಬಂದಿತು! ತಾವರೆ ಎಲೆಯ ಗುಟ್ಟನ್ನು ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ಥ್‌ಲಾಟ್ ಮತ್ತು ನೈನ್‌ಹೂಯಿಸ್ 1997ರಲ್ಲಿ ವಿವರಿಸಿದರು: ಎಲೆಯ ಮೈ ನುಣುಪಲ್ಲ, ಮೇಣದ ಸೂಕ್ಷ್ಮವಾದ ಉಬ್ಬುತಗ್ಗುಗಳಿಂದ ಒರಟು, ಆದ್ದರಿಂದಲೇ ಹನಿ ಉರುಳುವಾಗ ಧೂಳನ್ನೂ ಎತ್ತಿಕೊಂಡು ಹೋಗುತ್ತದೆ. ಕಾರಿನ ಲೇಪ ನುಣುಪು. ಅಲ್ಲಿ ಹನಿ ಗುಂಡಾಗಿ ನಿಲ್ಲುತ್ತದೆ, ಎಲ್ಲವೂ ಉರುಳಿಹೋಗುವುದಿಲ್ಲ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಿನ ಹನಿ ಬಿಸಿಲಿಗೆ ಒಣಗಿದರೆ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ. ಲೇಪ ಬಳಿದ ಕಾರನ್ನೂ ತೊಳೆದು ಒರಸಲೇಬೇಕು.

ಒರಸುವುದರಲ್ಲಿಯೂ ವಿವೇಕವುಂಟು. ದಿನ ಬೆಳಗಾದರೆ ಒಣಬಟ್ಟೆಯಿಂದ ಧೂಳನ್ನು ತಿಕ್ಕುವುದು ಕಾರಿಗೆ ಉಪ್ಪುಕಾಗದ ಹಿಡಿದಂತೆ. ಮೊದಲು ನೀರು ಹಾಯಿಸಿ, ಆಮೇಲೆ ಮಿದುವಾದ ಬಟ್ಟೆ. ಸೋಪಿನ ನೀರಿಗೆ ಒಂದು ಬಕೆಟ್ಟು, ಬಟ್ಟೆ ಅಲುಬಲು ಇನ್ನೊಂದು. ಹಿಕ್ಕೆಯನ್ನು ಕಂಡೊಡನೆ ನೆನಸಿ ಎತ್ತಬೇಕು, ಕೆರೆಯಬಾರದು.

ಅಂಗಡಿಯವರು ಇಡೀ ಕಾರಿಗೆ ಪೊರೆ ಹಾಕಲು 95,000 ರೂಪಾಯಿ ಕೇಳಿದರು, ಲೇಪಕ್ಕೆ 22,000. ಲೇಪಕ್ಕೆ ಮನಸ್ಸು ಒಲಿದಿತ್ತು. ಹೊರಡುವಾಗ ಅವರು ಒಂದು ಮಾತು ಸೇರಿಸಿದರು: “ಬಳಿದ ಮೇಲೆ ಏಳು ದಿವಸ ನೀರು ತಾಗಿಸಬೇಡಿ ಸಾರ್, ಮಳೆಯಲ್ಲಿ ತೆಗೀಬೇಡಿ.” ಲೇಪ ಪೂರ್ತಿ ಗಟ್ಟಿಯಾಗಲು ಅಷ್ಟು ಕಾಲ ಬೇಕು, ಮಾತು ಸರಿಯೇ. ಆದರೆ ಆ ವಾರವೇ ಮಧುಗಿರಿಯ ಬಳಿಯ ಊರಿನಿಂದ ನನ್ನ ತಾಯಿಯನ್ನು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕರೆತರಬೇಕಾಗಿತ್ತು. ಬಸ್ಸಿನಲ್ಲಿ ಕರೆತರಬಹುದಲ್ಲ ಎಂದು ನಾನು ಮೆಲ್ಲನೆ ಕೇಳಿದೆ. ನನ್ನ ಹೆಂಡತಿ ತಲೆಯೆತ್ತದೆ ಸೊಪ್ಪು ಬಿಡಿಸುತ್ತಲೇ ಹೇಳಿದಳು: “ಅಂದರೆ ಕಾರು ನೆನೆಯಬಾರದು, ಅತ್ತೆ ನೆನೆಯಬಹುದು ಅಂತಲೋ?”

ರೇಫ ಬದಲಾಗುವುದು ಹೀಗೆ. ಕಾರು ಬಂದದ್ದು ನಮ್ಮನ್ನು ಮಳೆಯಿಂದ ಕಾಪಾಡಲು. ಅದನ್ನು ಮಳೆಯಿಂದ ಕಾಪಾಡುವ ಕೆಲಸ ನಮಗೆ ಬಂದರೆ ಪೊರೆ ಹೊರೆಯಾಯಿತು. ಲೇಪವನ್ನು ಕೈಬಿಟ್ಟೆ. ಕಲ್ಲು ಬೀಳುವ ಕಡೆಗಳಿಗೆ, ಎಂದರೆ ಮುಂದಿನ ಬಂಪರು, ಬಾನೆಟ್ಟಿನ ಮುಂಭಾಗ, ಕನ್ನಡಿಗಳ ಬೆನ್ನು, ಚಕ್ರಗಳ ಹಿಂದಿನ ಕೆಳಪಟ್ಟಿ ಇಷ್ಟಕ್ಕೆ ಮಾತ್ರ ಪೊರೆ ಹಾಕಿಸಿದೆ. ಉಳಿದ ಮೈಗೆ ಕೆಲವು ತಿಂಗಳಿಗೊಮ್ಮೆ ಕಾರ್ನೌಬಾ ಮೇಣವನ್ನು ನಾನೇ ಬಳಿಯುತ್ತೇನೆ. ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಯಿಂದ ಬರುವ ಮೇಣ ಅದು. ಹೆದ್ದಾರಿಯಲ್ಲೇ ದಿನ ಕಳೆಯುವವರಿಗೆ ಇಡೀ ಪೊರೆ ಸಲ್ಲಬಹುದು. ಊರೊಳಗೆ ತಿರುಗುವವರಿಗೆ ಲೇಪ ಸಾಕಾಗಬಹುದು. ಅವರವರ ದಾರಿಯೇ ಅವರವರಿಗೆ ಉತ್ತರ.

ತಾಯಿ ಮಳೆಯಲ್ಲಿಯೇ ಆ ಕಾರಿನಲ್ಲಿ ಬಂದರು. ಮಳೆಯಲ್ಲಿಯೇ ಆಸ್ಪತ್ರೆಗೆ ಹೋದರು. ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಬಾಗಿಲಲ್ಲಿ ನಿಂತಿದ್ದ ಕಾರನ್ನು ಸ್ವಲ್ಪ ಹೊತ್ತು ನೋಡಿದರು. “ಇದು ನೀಲಿ ಬಣ್ಣವೇನೋ? ನಾನು ಕಪ್ಪು ಅಂದುಕೊಂಡಿದ್ದೆ” ಎಂದರು.